ಟಕ್, ಟಕ್, ಆಮೇಲೆ ಎಳೆದ ಸದ್ದು

ನನ್ನ ಬಾಯಿಯನ್ನು ನಂಬಬೇಡಿ ಎಂದು ನಮ್ಮ ಮನೆಯವರೇ ಊರಿಗೆಲ್ಲ ಸಾರಿದ್ದಾರೆ. ಕುಕ್ಕರಿನ ವಿಸಿಲನ್ನು ಬಾಯಲ್ಲೇ ಹಾಕಿ, ಅಮ್ಮ ಅರೆಬೆಂದ ಬೇಳೆ ಇಳಿಸುವಂತೆ ಮಾಡಿದವನು ನಾನು. ತೀರಿಹೋದ ತಾತನ ಕೆಮ್ಮು ಕೆಮ್ಮಿ ಅಜ್ಜಿಯ ಕೈಲಿ ಪೊರಕೆ ಏಟು ತಿಂದವನು. ಮದುವೆ ಆರ್ಕೆಸ್ಟ್ರಾಗಳಲ್ಲಿ ಎರಡು ಹಾಡಿನ ನಡುವೆ ಮಿಮಿಕ್ರಿ ಮಾಡುವುದು ನನ್ನ ಕಸುಬು. ನಿನ್ನ ಸ್ವಂತ ದನಿ ಯಾವುದಯ್ಯ ಎಂದು ಯಾರಾದರೂ ಕೇಳಿದರೆ ಸ್ವಲ್ಪ ಟೈಮ್ ಕೇಳುತ್ತೇನೆ.

ಅಕ್ಕ ಹಾಗಲ್ಲ. ಅವಳು ಸರಕು ವಿಮಾನದ ಪೈಲಟ್, ಕ್ಯಾಪ್ಟನ್ ಪಕ್ಕದ ಸೀಟಿನವಳು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ತನ್ನ ಕ್ಯಾಪ್ಟನ್‌ರನ್ನು ರಾಯಲ್ಪಾಡಿನ ನಮ್ಮ ಮಾವಿನ ತೋಟಕ್ಕೆ ಊಟಕ್ಕೆ ಕರೆತಂದಳು. ಕೋಲಾರ ಪೇಟೆಯಲ್ಲಿ ಲಾರಿಗೆ ಬಾಡಿ ಕಟ್ಟುತ್ತಿದ್ದವರ ಮಗ ಅವರು; ಬಿಳಿ ಗಡ್ಡ, ಇಸ್ತ್ರಿ ಮಾಡಿದ ಮಾತು. ಮರುದಿನ ಬೆಳಿಗ್ಗೆ ಇಬ್ಬರೂ ತಾವು ದಿನಾ ಓಡಿಸುವ ಹಳೆಯ ವಿಮಾನವನ್ನೇ ಮತ್ತೆ ಹಾರಿಸಬೇಕಿತ್ತು. ಅಕ್ಕ ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಮ್ಮ ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದಳು.

ಮುದ್ದೆ ಮುರಿಯುವ ಮೊದಲೇ ಜಗಳ ಶುರುವಾಯಿತು.

"ಸರ್, ಮೇಲೇಳುವಾಗ ನಾನು ಎಳೆಯೋದಕ್ಕಿಂತ ಜಾಸ್ತಿ ಮೂತಿ ಎತ್ತುತ್ತೆ ಅದು."

"ಹಳೇ ಗಾಡಿ ಬೇಟಾ. ಕೈ ಹಗುರ ಇಡು. ಎತ್ತಿಗೂ ಒಂದೊಂದು ಚಾಳಿ ಇರಲ್ವಾ?"

"ಎತ್ತು ಎಡಕ್ಕೆ ಎಳೆದ್ರೆ ಗದ್ದೆಗೆ ಬೀಳ್ತೀವಿ ಸರ್. ಇದು ಎಳೆದ್ರೆ?"

ಅದು ಮೊದಲು ಜನರನ್ನು ಹೊತ್ತು ತಿರುಗಿದ ಜೆಟ್ ಅಂತೆ. ವಯಸ್ಸಾದ ಮೇಲೆ ಸೀಟು ಕಿತ್ತು, ಕಿಟಕಿಗಳಿಗೆ ತಗಡು ಬಡಿದು, ಸರಕಿಗೆ ಬಿಟ್ಟಿದ್ದಾರೆ. ಒಳಗೆ ನಿಂತರೆ ಸಾಲಾಗಿ ಕಣ್ಣು ಹೊಲಿದ ಮುಖಗಳ ನಡುವೆ ನಿಂತ ಹಾಗಿರುತ್ತದೆ ಎಂದು ಅಕ್ಕ ಒಮ್ಮೆ ಹೇಳಿದ್ದಳು. ನಾನು ಆ ಮುಖಗಳನ್ನೂ ನಟಿಸಿ ತೋರಿಸಿದ್ದೆ. ಅವಳು ನಕ್ಕಿರಲಿಲ್ಲ.

"ಮೂತಿ ಎತ್ತೋಕೆ ಮುಂಚೆ ಹಿಂದಿನಿಂದ ಟಕ್, ಟಕ್ ಅನ್ನುತ್ತೆ ಸರ್. ಎರಡು ಸಲ. ಲಾಗ್‌ಬುಕ್ಕಲ್ಲಿ ಬರೀತೀನಿ ಅಂದ್ರೆ ನೀವು ಬೇಡ ಅಂತೀರಿ."

"ಬರೆದ್ರೆ ಗಾಡಿ ನಿಲ್ಲಿಸ್ತಾರೆ. ಏನಂತ ಬರೀತೀಯ? ಟಕ್ ಅಂತಾನಾ?"

ಆ ವಿಮಾನದ ಪೈಲಟ್‌ಗಳ ನಡುವೆ ಒಂದು ರೂಢಿ ಇತ್ತಂತೆ. ಇಳಿಯುವ ಪೈಲಟ್ ಹತ್ತುವ ಪೈಲಟ್‌ಗೆ, ಪುಸ್ತಕದಲ್ಲಿ ಬರೆಯದೆ, ಬಾಯಲ್ಲೇ "ಸ್ವಲ್ಪ ಮೂತಿ ನೋಡ್ಕೊಳ್ಳಿ" ಎಂದು ಹೇಳಿ ಹೋಗುವುದು. ತಿಂಗಳುಗಳಿಂದ ಆ ಮಾತು ಬಾಯಿಂದ ಬಾಯಿಗೆ ಹಾರುತ್ತಿತ್ತು, ವಿಮಾನದ ಜೊತೆಗೇ.

ಇಲ್ಲಿ ಟೊಮೆಟೊ ಮಂಡಿಯ ವಿಷಯ ಹೇಳಬೇಕು. ನಮ್ಮ ಕಡೆ ಲಾರಿಗೆ ಕ್ರೇಟುಗಳನ್ನು ಪೇರಿಸಿ ಹಗ್ಗ ಬಿಗಿದ ಮೇಲೆ, ಡ್ರೈವರ್ ನಾಲ್ಕು ಮಾರು ಮುಂದೆ ಬಿಟ್ಟು ಗಕ್ಕನೆ ಬ್ರೇಕ್ ಹಾಕುತ್ತಾನೆ. ಆಗ ಹಮಾಲಿಗಳೆಲ್ಲ ಬೀಡಿ ಸಹ ಎಳೆಯದೆ ಕಿವಿಗೊಟ್ಟು ನಿಲ್ಲುತ್ತಾರೆ. ಕ್ರೇಟು ಜರುಗಿದ ಸದ್ದು ಬಂದರೆ ಹಗ್ಗ ಬಿಚ್ಚಿ ಮತ್ತೆ ಕಟ್ಟಬೇಕು. ಹದಿನೇಳನೇ ವಯಸ್ಸಿನಲ್ಲಿ ನಾನು ಆ ಮೌನದ ನಡುವೆ ಆ ಸದ್ದನ್ನು ಬಾಯಲ್ಲೇ ಹೊರಡಿಸಿ, ಒಂದಿಡೀ ಲಾರಿ ಲೋಡು ಬಿಚ್ಚಿಸಿದ್ದೆ. ಆ ಏಟುಗಳ ನೆನಪು ಬೆನ್ನಿಗಿದೆ. ಅಂದಿನಿಂದ ಮಂಡಿಯಲ್ಲಿ ನಾನು ಕೆಮ್ಮಿದರೂ ಯಾರೂ ತಿರುಗಿ ನೋಡುವುದಿಲ್ಲ.

ತೋಟದಲ್ಲಿ ಎಲೆ ಅಲ್ಲಾಡುತ್ತಿರಲಿಲ್ಲ. ಎಲ್ಲೋ ಎತ್ತರದಲ್ಲಿ ವಿಮಾನವೊಂದು ಹೋಯಿತು; ಕಾಣಲಿಲ್ಲ, ಗುಡುಗು ಮಾತ್ರ ಕೇಳಿಸಿತು. ಇಬ್ಬರೂ ಪೈಲಟ್‌ಗಳು ಒಟ್ಟಿಗೆ ಮಾತು ನಿಲ್ಲಿಸಿದರು. ಸುಮ್ಮನಿರಲು ಬರದ ನಾನು ಆ ಸಂದಿಯಲ್ಲಿ ನಾಲಿಗೆಯನ್ನು ಅಂಗುಳಿಗೆ ಒತ್ತಿದೆ.

ಟಕ್. ಟಕ್.

ಆಮೇಲೆ ಸ್ವಲ್ಪ ಬಿಟ್ಟು, ಗಂಟಲಿನ ತಳದಿಂದ, ಕಬ್ಬಿಣದ ಮೇಲೆ ಏನೋ ಭಾರವಾದದ್ದು ನಿಧಾನವಾಗಿ ಜಾರಿದ ಹಾಗೆ ಒಂದು ಎಳೆತ.

ಕ್ಯಾಪ್ಟನ್ ಅವರ ಕೈ ಸಾರಿನ ಬಟ್ಟಲಲ್ಲೇ ನಿಂತಿತು. ಮರದ ಕೆಳಗೆ ಮಲಗಿದ್ದ ನಾಯಿ ಎದ್ದು, ನನ್ನನ್ನು ನೋಡಿ, ಮನೆಯ ಹಿಂದಕ್ಕೆ ಹೋಯಿತು.

"ಲೇ, ನೋರು ಮೂಸ್ಕೋರಾ," ಎಂದು ಅಮ್ಮ ತೆಲುಗಿನಲ್ಲಿ ಬಾಯಿ ಮುಚ್ಚಿಸಿದಳು. "ಊಟದ ಹೊತ್ತಲ್ಲಿ ನಿನ್ನ ಕೋತಿಯಾಟ!"

"ಇರಿ ಅಮ್ಮಾ," ಎಂದರು ಕ್ಯಾಪ್ಟನ್. ಮಾತಿನ ಇಸ್ತ್ರಿ ಕೆಟ್ಟಿತ್ತು. "ಇನ್ನೊಂದ್ಸಲ ಮಾಡು."

ಮಾಡಿದೆ.

"ಕೊನೇದು. ಆ ಜಾರೋ ಸದ್ದು. ಅದನ್ನ ಯಾರು ಹೇಳಿದ್ರು ನಿನಗೆ?"

ನಾನು ಅಕ್ಕನ ಕಡೆ ನೋಡಿದೆ. ಅಕ್ಕ ತಲೆ ಅಲ್ಲಾಡಿಸಿದಳು. "ನಾನು ಹೇಳಿಲ್ಲ ಸರ್. ನನಗೆ ಅದು ಕೇಳಿಸೇ ಇಲ್ಲ."

"ನನಗೆ ಕೇಳಿಸಿದೆ," ಎಂದರು ಅವರು.

ಆರು ವಾರದಿಂದ ಕೇಳಿಸುತ್ತಿತ್ತಂತೆ. ತಮ್ಮ ಕಿವಿಯೇ ಕೆಟ್ಟಿದೆ ಎಂದುಕೊಂಡಿದ್ದರು. ಆ ವಯಸ್ಸಿನಲ್ಲಿ ಕಿವಿಯ ಪರೀಕ್ಷೆಯಲ್ಲಿ ಫೇಲಾದರೆ ಹಾರಾಟ ಮುಗಿದಂತೆ. ಸದ್ದಿನ ಮಾತು ಎದ್ದರೆ ತಮ್ಮ ಕಿವಿಯ ಮಾತೂ ಏಳುತ್ತದೆ ಎಂದು ಅಕ್ಕನ ಬಾಯನ್ನೂ ಮುಚ್ಚಿಸಿದ್ದರು.

"ಅಂಕಲ್, ನಾನು ತಮಾಷೆಗೆ ಸೇರಿಸಿದ್ದು," ಎಂದೆ. "ಲಾರಿ ಕ್ರೇಟಿನ ಸದ್ದು ಇರಬೇಕು." ಹೇಳುವಾಗಲೇ ಅದು ಸುಳ್ಳು ಎಂದು ಗೊತ್ತಾಯಿತು. ನಮ್ಮ ಕ್ರೇಟು ಪ್ಲಾಸ್ಟಿಕ್, ಲಾರಿಯ ತಳ ಹಲಗೆ. ಕಬ್ಬಿಣ ಎಲ್ಲಿಂದ ಬಂತು?

"ಲಾರಿ ಅಂದ್ಯಾ?" ಅವರು ಕೈ ತೊಳೆಯಲು ಎದ್ದವರು ಹಾಗೇ ನಿಂತರು. "ನಮ್ಮ ಅಬ್ಬಾ ಹೇಳ್ತಿದ್ರು, ಲೋಡು ಕೂತ್ಕೊಂಡ್ರೆ ಒಂದೇ ಸಲ ಕೂರುತ್ತೆ. ಪ್ರತಿ ಸಲ ಕೂರ್ತಿದ್ರೆ ಅದು ಕೂರ್ತಿಲ್ಲ, ನಡೀತಿದೆ ಅಂತ. ನಾನು ಅದನ್ನ ಮರೆತು ವಿಮಾನ ಓಡಿಸ್ತಿದೀನಿ."

ಕೈ ತೊಳೆದು, ತೇವದ ಕೈಯಲ್ಲೇ ವಿಮಾನಕ್ಕೆ ಸರಕು ತುಂಬುವವರಿಗೆ ಫೋನ್ ಮಾಡಿದರು. "ಪೂರ್ತಿ ಇಳಿಸಿ. ಹಿಂದಿನ ಲಾಕ್‌ಗಳನ್ನ ಕಣ್ಣಲ್ಲಿ ನೋಡ್ಬೇಡಿ, ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ. ಹೂಂ, ಲಾಗ್‌ಬುಕ್ಕಲ್ಲಿ ನಾನೇ ಬರೀತೀನಿ. ನನ್ನ ಕಿವಿ ವಿಷಯಾನೂ ಬರೀತೀನಿ."

ಮರುದಿನ ಅಕ್ಕ ಫೋನ್ ಮಾಡಿದಳು. ಸರಕು ಹೇರುವ ಲೋಹದ ಹಲಗೆಗಳನ್ನು ವಿಮಾನದ ನೆಲಕ್ಕೆ ಕಚ್ಚಿ ಹಿಡಿಯಬೇಕಾದ ಲಾಕ್‌ಗಳಲ್ಲಿ ಎರಡು, ಸರಿಯಾಗಿ ನಿಂತ ಹಾಗೆ ಕಾಣುತ್ತಿದ್ದವು. ಅಂಗೈ ಇಟ್ಟರೆ ಮಲಗಿದವಂತೆ. ಅಲ್ಲಿ ಇಟ್ಟ ಹಲಗೆ ಪ್ರತಿ ಹಾರಾಟದಲ್ಲೂ ಬಾಲದ ಕಡೆಗೆ ಒಂದಿಷ್ಟು ಜಾರುತ್ತಿತ್ತು. ಕ್ಯಾಪ್ಟನ್ ಅವರ ಕಿವಿ ಸರಿಯಾಗಿಯೇ ಇತ್ತು.

ಆ ಎಳೆದ ಸದ್ದು ಈಗ ನನಗೆ ಬರುವುದಿಲ್ಲ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎಷ್ಟೋ ಸಲ ನೋಡಿದ್ದೇನೆ. ಟಕ್, ಟಕ್ ಬರುತ್ತದೆ, ಆಮೇಲೆ ಬರೀ ಗಾಳಿ.

ಅಕ್ಕ ಪ್ರತಿ ಹಾರಾಟಕ್ಕೆ ಮುಂಚೆ ಫೋನ್ ಮಾಡುತ್ತಾಳೆ. "ಲೇ, ಮಾಡೋ," ಎನ್ನುತ್ತಾಳೆ. ಟಕ್, ಟಕ್ ಎನ್ನುತ್ತೇನೆ. ಆಮೇಲೆ ಇಬ್ಬರೂ ಉಸಿರು ಹಿಡಿದು ಮಂಡಿಯ ಹಮಾಲಿಗಳ ಹಾಗೆ ಕಾಯುತ್ತೇವೆ.

"ಏನೂ ಬರ್ಲಿಲ್ವಾ?"

"ಇಲ್ಲ ಕಣೇ."

"ಸರಿ ಹಾಗಾದ್ರೆ. ಹೋಗ್ಬರ್ತೀನಿ."