ಮಣ್ಣಿನ ನಾಯಿಯ ಜೊತೆ ಗುಡ್ಡ ಹತ್ತಿದ್ದು

ಲಾಟೀನಿನ ಗಾಜನ್ನು ಬೂದಿ ಹಾಕಿ ತಿಕ್ಕುವಾಗ ಕೈ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಗಾಜು ಅದೇ, ಕೈ ಮಾತ್ರ ದಪ್ಪಗಾಗಿದೆ. ಆ ದಿನ ಜಗಲಿಯಲ್ಲಿ ಕೂತು ಹಾಗೆ ಕೈ ಸಿಕ್ಕಿಸಿಕೊಂಡಿದ್ದಾಗಲೇ ಪಕ್ಕದ ಎಸ್ಟೇಟಿನ ಬೊಳ್ಳಮ್ಮಕ್ಕ ಅಂಗಳ ದಾಟಿ ಬಂದರು. ನಮಸ್ಕಾರ ಮಾಡೋಣವೆಂದರೆ ನನಗಿದ್ದದ್ದು ಒಂದೇ ಕೈ.

"ಗಂಗಮ್ಮ, ಈ ಆದಿತ್ಯವಾರ ನಮ್ಮ ನಡಿಗೆ ಸಂಘ ಗಾಳಿಬೀಡಿಗೇ ಬರ್ತದೆ. ದೇವರಕಾಡಿನ ಗುಡ್ಡಕ್ಕೆ. ಹೆಂಗಸರೂ ಬರಬಹುದು ಅಂತ ಸಂಘ ನಡೆಸುವ ಸುಬೇದಾರರು ಒಪ್ಪಿದ್ದಾರೆ. ನೀವೂ ಹೊರಡಿ."

ದೇವರಕಾಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಗಾಜಿನಿಂದ ಕೈ ತಾನಾಗಿ ಹೊರಗೆ ಬಂತು. ಇದನ್ನು ನಾನು ದೇವರ ಸಣ್ಣ ಉಪಕಾರಗಳ ಸಾಲಿಗೆ ಸೇರಿಸಿಕೊಂಡೆ. ಗಾಜು ಒಡೆಯದೆ ಉಳಿದದ್ದು ಇನ್ನೊಂದು.

ಅಷ್ಟು ಹಿಗ್ಗು ಯಾಕೆಂದು ಹೇಳಬೇಕು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯವರಿಗೆ ಚಳಿಜ್ವರ ಬಂದು ಬಿಡದೆ ಕಾಡಿತು. ಮಡಿಕೇರಿಯ ಆಸ್ಪತ್ರೆಯಿಂದ ಕ್ವಿನೈನ್ ತಂದು ಕುಡಿಸಿದೆ. ಕುಡಿಸುತ್ತಲೇ ದೇವರಕಾಡಿನ ಅಯ್ಯಪ್ಪನಿಗೂ ಹೇಳಿಕೊಂಡೆ: ಇವರನ್ನು ಎಬ್ಬಿಸಿ ಕೂರಿಸು ಸ್ವಾಮಿ, ವರ್ಷ ತುಂಬುವುದರೊಳಗೆ ನಿನಗೊಂದು ನಾಯಿ ಒಪ್ಪಿಸುತ್ತೇನೆ. ನಮ್ಮ ಕಡೆಯ ಅಯ್ಯಪ್ಪ ಬೇಟೆಯ ದೇವರು. ಗುಡಿ ಗೋಪುರ ಕೇಳುವವನಲ್ಲ, ಮರಗಳ ನಡುವೆಯೇ ಇರುವವನು. ಬೇಟೆಯೆಂದ ಮೇಲೆ ನಾಯಿ ಬೇಕಲ್ಲ, ಹಾಗಾಗಿ ಹರಕೆ ಹೊತ್ತವರು ಮಣ್ಣಿನ ನಾಯಿ ತಂದು ಇಡುತ್ತಾರೆ.

ಇವರು ಎದ್ದು ಕೂತರು. ಈಗ ತೋಟದವರೆಗೂ ನಡೆದು ಹೋಗಿ ಆಳುಗಳನ್ನು ಬೈದು ಬರುತ್ತಾರೆ. ಆದರೆ ಗುಡ್ಡ ಮಾತ್ರ ಹತ್ತಕೂಡದೆಂದು ಡಾಕ್ಟರ ಅಪ್ಪಣೆ. ಇನ್ನು ಆ ಕಾಡಿನ ಕಟ್ಟುಪಾಡು ಹೇಗೆಂದರೆ ಹೆಂಗಸರು ಒಳಗೆ ಕಾಲಿಡುವ ಹಾಗಿಲ್ಲ, ಅಂಚಿನಲ್ಲಿ ನಿಂತು ಕೈ ಮುಗಿಯಬೇಕು. ನಾಯಿ ಇಡುವವನು ಮನೆಯ ಗಂಡಸು, ಅವನಿಲ್ಲದಿದ್ದರೆ ಮನೆಯವರು ಕೈಯಾರೆ ಕೊಟ್ಟು ಕಳಿಸಿದ ಇನ್ನೊಬ್ಬ ಗಂಡಸು. ಮೈದುನ ಪಟ್ಟಾಳದಲ್ಲಿದ್ದಾನೆ, ಅವನಿಗೆ ರಜೆ ಸಿಕ್ಕಿಲ್ಲ. ತುಲಾ ಸಂಕ್ರಮಣ ಕಳೆದು ವರ್ಷ ತುಂಬುತ್ತಾ ಬಂದಿತ್ತು. ಮತ್ತೆ ಜ್ವರ ಬಂದರೆ ಅದು ಸೊಳ್ಳೆಯಿಂದಲ್ಲ, ನಾನು ತೀರಿಸದ ಹರಕೆಯಿಂದ ಎಂಬ ಭಯ ನನ್ನನ್ನು ಒಲೆಯ ಮುಂದೆಯೂ ಬಿಡುತ್ತಿರಲಿಲ್ಲ. ಒಂಟಿ ಹೆಂಗಸು ಆನೆ ತಿರುಗುವ ದಾರಿಯಲ್ಲಿ ಹೋಗುವುದು ಹೇಗೆ? ಹೀಗಿರುವಾಗ ಒಂದು ಸಂಘವೇ ಅಲ್ಲಿಗೆ ಹೊರಟಿದೆ ಎಂದರೆ ದೇವರೇ ಜನ ಕಳಿಸಿದ ಎಂದುಕೊಂಡೆ. ಅಲ್ಲಿ ನಾಯಿಯನ್ನು ಸುಬೇದಾರರ ಕೈಗೆ ಕೊಡುವುದು, ಅವರು ಇಡುವುದು, ನಾನು ಅಂಚಿನಲ್ಲಿ ನಿಂತು ಬೇಡಿಕೊಳ್ಳುವುದು. ನನ್ನ ಲೆಕ್ಕ ಇಷ್ಟು ನೇರವಾಗಿತ್ತು.

ಕುಂಬಾರನ ಮನೆಯಿಂದ ನಾಯಿ ಬಂತು. ಮನೆಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಾಯಿಯಾ, ಹಂದಿಮರಿಯಾ? ಬಾಲ ಉಂಟು, ಅಷ್ಟೆ. ಅಯ್ಯಪ್ಪ ಇದನ್ನೇ ಬೇಟೆ ಆಡಿಬಿಟ್ಟಾನು."

"ನಿಮ್ಮ ಜೀವಕ್ಕೆ ಹೊತ್ತ ಹರಕೆ, ನಗಾಡಬೇಡಿ" ಎಂದೆ.

"ನನ್ನ ಜೀವಕ್ಕೆ ಇಷ್ಟೇ ಬೆಲೆಯಾ? ಕಿವಿಯಾದ್ರೂ ಸಮ ಇಲ್ಲೆ" ಎಂದು ಇನ್ನಷ್ಟು ನಕ್ಕರು. ನಗುವಷ್ಟು ತ್ರಾಣ ಬಂದಿದೆಯಲ್ಲ ಎಂದು ಅದನ್ನೂ ಉಪಕಾರದ ಸಾಲಿಗೆ ಹಾಕಿದೆ.

ಆದಿತ್ಯವಾರ ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ, ಹೊಟ್ಟೆಗೆ ಏನೂ ಹಾಕದೆ, ಬರಿಗಾಲಲ್ಲಿ, ನಾಯಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ರಸ್ತೆಗೆ ಬಂದೆ. ಸಂಘದವರು ಆಗಲೇ ಸೇರಿದ್ದರು. ಎಲ್ಲರ ಕಾಲಲ್ಲೂ ಬೂಟು, ಕೈಯಲ್ಲಿ ಕೋಲು, ಬೆನ್ನಲ್ಲಿ ಚೀಲ. ಒಬ್ಬರು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. ಹರಕೆಗೆ ಹೊರಟವರು ಮೊಟ್ಟೆ ತಿನ್ನುತ್ತಾರೆಯೇ ಎಂದು ನನಗೆ ಗಲಿಬಿಲಿ. ಬೊಳ್ಳಮ್ಮಕ್ಕನ ಕಿವಿಯಲ್ಲಿ ಕೇಳಿದೆ.

"ಇವರೆಲ್ಲರಿಗೂ ಎಂಥ ಹರಕೆ ಇರುವುದು?"

"ಹರಕೆಯಾ? ಯಾರಿಗೂ ಇಲ್ಲ ಮಾರಾಯ್ತಿ. ಸುಮ್ಮನೆ ನಡೆಯುವುದು."

"ಮೇಲೆ ಹೋಗಿ ಎಂಥ ಮಾಡುವುದು?"

"ನೋಡುವುದು."

"ನೋಡಿ?"

"ಇಳಿದು ಬರುವುದು!"

ನೀವೇ ಹೇಳಿ, ಇದು ಅರ್ಥವಾಗುವ ಮಾತೇ? ನಾನು ಹುಟ್ಟಿದಂದಿನಿಂದ ನಡೆದಿದ್ದೇನೆ. ಸೌದೆಗೆ ನಡೆದಿದ್ದೇನೆ, ತಪ್ಪಿಸಿಕೊಂಡ ದನ ಹುಡುಕಿ ನಡೆದಿದ್ದೇನೆ, ಸಾವಿನ ಮನೆಗೆ, ಬಾಣಂತಿಯ ಮನೆಗೆ, ಸಂಕ್ರಮಣದಂದು ತಲಕಾವೇರಿಗೆ ನಡೆದಿದ್ದೇನೆ. ಎಲ್ಲ ನಡಿಗೆಯ ಕೊನೆಯಲ್ಲೂ ಒಂದು ಹೊರೆಯೋ ಒಂದು ಮುಖವೋ ಒಂದು ತೀರ್ಥವೋ ಇರುತ್ತಿತ್ತು. ಹಳೆಯ ಕಾಲದಲ್ಲಿ ಗುಡ್ಡ ಹತ್ತುತ್ತಿದ್ದವರು ಬೇಟೆಗಾರರು, ಇಲ್ಲವೇ ಭಕ್ತರು. ಆಮೇಲೆ ಬಿಳಿಯ ದೊರೆಗಳು ಬಂದು, ಏನೂ ಬೇಡದೆ ಹತ್ತಿ, ಗಾಳಿ ಕುಡಿದು ಇಳಿಯುವ ರೂಢಿ ಹಾಕಿದರಂತೆ. ದೊರೆಗಳು ಹೋದರು, ಕ್ಲಬ್ಬೂ ಬೂಟೂ ಉಳಿದವು. ನಮ್ಮ ಗಾಳಿಬೀಡಿನಲ್ಲಿ ಗಾಳಿಗೆ ಬರವೇ? ಅಡಿಗೆಮನೆಯ ಕಿಟಕಿ ತೆರೆದರೆ ಒಲೆಯೇ ಆರಿಹೋಗುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ದೇವರಲ್ಲಿ ಏನನ್ನೂ ಬೇಡಲಿಕ್ಕಿಲ್ಲದೆ ಇಷ್ಟು ಜನ ಗುಡ್ಡಕ್ಕೆ ಹೊರಟಿದ್ದು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮುಂದಾಳು ಸುಬೇದಾರ್ ಉತ್ತಯ್ಯನವರು. ಪಟ್ಟಾಳದಿಂದ ಪೆನ್ಶನ್ ಆಗಿ ಬಂದವರು, ಆದರೆ ಕೊರಳಲ್ಲಿ ತೂಗುವ ಸೀಟಿಗೆ ಇನ್ನೂ ಪೆನ್ಶನ್ ಆಗಿಲ್ಲ. ಅದನ್ನೊಮ್ಮೆ ಊದಿ ನಿಯಮ ಹೇಳಿದರು.

"ನಿಧಾನ ನಡೆಯುವವರು ನನ್ನ ಹಿಂದೆಯೇ, ಮುಂದಿನ ತಂಡ. ಗಟ್ಟಿಗರು ಹಿಂದಿನ ತಂಡ, ಅವರಿಗೆ ಕಾಂಪೌಂಡರ್ ಲಾರೆನ್ಸ್ ಲೀಡರು. ದಾರಿ ಕವಲಾದಲ್ಲಿ ನಾನು ಸೊಪ್ಪು ಇಡ್ತೇನೆ. ಸೊಪ್ಪಿನ ತುದಿ ಯಾವ ಕಡೆಗೋ, ಹಿಂದಿನವರು ಆ ಕಡೆಗೇ ನಡೀಬೇಕು. ಗುರುತಿಗೆ ಇಟ್ಟದ್ದನ್ನು ಕೊನೆಯ ತಂಡ ಎತ್ತಿಕೊಂಡು ಬರಬೇಕು. ನಾವು ಹೋದ ಮೇಲೆ ಗುಡ್ಡದಲ್ಲಿ ನಮ್ಮ ಗುರುತು ಇರಬಾರದು. ಮೇಲೆ ಹೋದರೆ, ಇಡೀ ಕೂರ್ಗ್ ಸ್ಟೇಟ್ ಒಂದೇ ನೋಟಕ್ಕೆ ಕಾಣ್ತದೆ. ನಡೀರಿ!"

ನಾನು ಮುಂದಿನ ತಂಡ. ಸುಬೇದಾರರ ಬೂಟಿನ ಹಿಮ್ಮಡಿ ನೋಡಿಕೊಂಡೇ ಏಲಕ್ಕಿ ತೋಟ ದಾಟಿದೆ, ತೊರೆ ದಾಟಿದೆ. ನಾಯಿ ಎದೆಗೆ ಒತ್ತಿ ಒತ್ತಿ ನೋಯುತ್ತಿತ್ತು. "ಮಗುವಾ ಅಮ್ಮ?" ಎಂದು ಒಬ್ಬರು ಕೇಳಿದರು. "ನಾಯಿ" ಎಂದೆ. ಅವರು ಆಮೇಲೆ ನನ್ನಿಂದ ಸ್ವಲ್ಪ ದೂರದಲ್ಲೇ ನಡೆದರು.

ದಾರಿ ಕವಲಾಯಿತು. ಎಡಕ್ಕೆ ದೇವರಕಾಡು, ಬಲಕ್ಕೆ ಗುಡ್ಡದ ನೆತ್ತಿ. ಸುಬೇದಾರರು ಒಂದು ಕಲ್ಲಿನ ಮೇಲೆ ಸೊಪ್ಪು ಮುರಿದಿಟ್ಟು ಬಲಕ್ಕೆ ಹೊರಟೇ ಬಿಟ್ಟರು. ನಾನು ಹಿಂದಿನಿಂದ ಕೂಗಿದೆ.

"ಸುಬೇದಾರರೇ, ದೇವರು ಈ ಕಡೆ!"

"ಗೊತ್ತು ಗಂಗಮ್ಮ. ಮಂಜು ಏಳುವ ಮೊದಲು ನೆತ್ತಿ. ದೇವರು ಎಲ್ಲಿಗೆ ಹೋಗ್ತಾನೆ? ಇಳಿಯುವಾಗ ನೋಡುವ."

ದೇವರನ್ನು ಕಾಯಿಸಿ ಮಂಜಿಗೆ ಮೊದಲ ಮರ್ಯಾದೆ! ಅಷ್ಟರಲ್ಲಿ ಕಾಲಿಗೆ ಇಂಬಳ ಹತ್ತಿ ರಕ್ತ ಹೀರತೊಡಗಿತ್ತು. ಅದನ್ನು ಕೀಳಲು ಎರಡೂ ಕೈ ಬೇಕು. ನಾಯಿಯನ್ನು ಎಲ್ಲಿಡಲಿ? ದೇವರ ವಸ್ತುವನ್ನು ಬರಿಯ ಕಲ್ಲಿನ ಮೇಲೆ ಇಡಲು ಮನಸ್ಸು ಬರಲಿಲ್ಲ. ಹೇಗೂ ಹಸಿರು ಸೊಪ್ಪು ಹಾಸಿಯೇ ಇತ್ತು, ಅದರ ಮೇಲೆ ಕೂರಿಸಿ ಬಟ್ಟೆ ಬಿಚ್ಚಿದೆ. ದೇವರಿಗೆ ಬಾಲ ತೋರಿಸಿ ಕೂರುವುದು ಸರಿಯಲ್ಲವೆಂದು ಅದರ ಮುಖವನ್ನು ಎಡಕ್ಕೆ, ಕಾಡಿನ ಕಡೆಗೆ, ತಿರುಗಿಸಿದೆ. ಇಂಬಳ ಕಿತ್ತೆ. ಮೇಲಿನಿಂದ ಸೀಟಿ ಕೇಳಿತು.

ಬೊಳ್ಳಮ್ಮಕ್ಕ ರಟ್ಟೆ ಹಿಡಿದು ಎಳೆದರು. "ಮುಂದೆ ಬಂಡೆ ಹಿಡಿದು ಹತ್ತಬೇಕು, ಎರಡು ಕೈಯೂ ಬೇಕು. ನಾಯಿ ಅಲ್ಲೇ ಕೂತಿರಲಿ. ಅದು ಓಡಿ ಹೋಗ್ತದಾ?"

ನೆತ್ತಿ ಮುಟ್ಟಿದಾಗ ಮಂಜು ನಮಗಿಂತ ಮೊದಲೇ ಬಂದು ಕೂತಿತ್ತು. ಸ್ಟೇಟೂ ಇಲ್ಲ, ಪೇಟೆಯೂ ಇಲ್ಲ, ಪಕ್ಕದಲ್ಲಿದ್ದ ಬೊಳ್ಳಮ್ಮಕ್ಕನೂ ಅರ್ಧವೇ ಕಾಣುತ್ತಿದ್ದರು. ಆದರೂ ಎಲ್ಲರೂ ಸಾಲಾಗಿ ಕೂತು ಬಿಳಿಯ ಗೋಡೆಯನ್ನು ದಿಟ್ಟಿಸಿದರು. ನಾನೂ ದಿಟ್ಟಿಸಿದೆ. ಏನನ್ನು ನೋಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. "ಅಲ್ಲಿ ಮೂರ್ನಾಡು" ಎಂದು ಸುಬೇದಾರರು ಮಂಜಿನ ಒಂದು ಭಾಗಕ್ಕೆ ಬೆರಳು ತೋರಿಸಿದರು. ಇನ್ನೊಬ್ಬರು, ಇಲ್ಲ, ಅದು ಈ ಕಡೆ ಎಂದು ಮಂಜಿನ ಬೇರೊಂದು ಭಾಗವನ್ನು ತೋರಿಸಿದರು. ಮಾತು ಹಾಗೇ ಹರಿದು, ಕೂರ್ಗ್ ಮೈಸೂರಿಗೆ ಸೇರಬೇಕೋ ಬೇರೆಯೇ ಉಳಿಯಬೇಕೋ ಎಂಬಲ್ಲಿಗೆ ಬಂತು. ಕಣ್ಣಿಗೆ ಕಾಣದ ಸ್ಟೇಟಿಗಾಗಿ ಗಂಡಸರು ಜಗಳವಾಡುವುದನ್ನು ಕೇಳುತ್ತಾ ನಾನು ಬರಿ ಹೊಟ್ಟೆಯಲ್ಲಿ ಕೂತಿದ್ದೆ.

ಸುಮಾರು ಹೊತ್ತಾದರೂ ಹಿಂದಿನ ತಂಡ ಬರಲಿಲ್ಲ. ಸುಬೇದಾರರು ಸೀಟಿ ಊದಿದರು. ಉತ್ತರವಿಲ್ಲ. ಮತ್ತೆ ಊದಿದರು. ಜಗಳ ನಿಂತಿತು. "ಆನೆ?" ಎಂದು ಯಾರೋ ಮೆಲ್ಲಗೆ ಕೇಳಿದರು. ಎಲ್ಲರೂ ಒಬ್ಬರ ಹಿಂದೊಬ್ಬರು ಇಳಿದೆವು. ಕವಲಿಗೆ ಬಂದು ನೋಡಿದರೆ ಕಲ್ಲು ಮಾತ್ರ ಇದೆ. ಸೊಪ್ಪಿಲ್ಲ, ನಾಯಿಯೂ ಇಲ್ಲ.

ಕಲ್ಲಿನ ಸುತ್ತ ಹುಲ್ಲೆಲ್ಲ ತಡಕಿದೆ. ಜನ ಕಾಣೆಯಾಗಿರುವಾಗ ಮಣ್ಣಿನ ನಾಯಿಗೆ ಅಳಬಾರದೆಂದು ಗೊತ್ತು. ಆದರೆ ನಾನು ಕಂಡದ್ದು ನಾಯಿಯನ್ನಲ್ಲ, ಕಂಬಳಿಯೊಳಗೆ ನಡುಗುತ್ತಿದ್ದ ನಮ್ಮವರನ್ನು. ಅದೇ ಹೊತ್ತಿಗೆ ಎಡಗಡೆಯ ಮರಗಳ ನಡುವಿನಿಂದ ಕೂಗು ಕೇಳಿತು. "ಇಲ್ಲಿದ್ದೇವೆ! ಬೂಟು ಬಿಚ್ಚಿ ಬನ್ನಿ!"

ದೇವರಕಾಡಿನ ಅಂಚಿನಲ್ಲಿ ಬೂಟುಗಳು ಸಾಲಾಗಿ ಕೂತಿದ್ದವು. ಬೂಟಿನವರು ಬರಿಗಾಲಲ್ಲಿ ತೆಪ್ಪಗೆ ನಿಂತಿದ್ದರು.

"ಸೊಪ್ಪು ಬಲಕ್ಕಲ್ಲವಾ ಇಟ್ಟದ್ದು? ಇಲ್ಲಿಗೆ ಬರಲು ನಿಮಗೆ ಯಾರು ಹೇಳಿದ್ದು?" ಸುಬೇದಾರರು ಗುಡುಗಿದರು.

"ನಾಯಿ, ಸುಬೇದಾರರೇ" ಎಂದರು ಲಾರೆನ್ಸ್. "ಸೊಪ್ಪಿನ ಮೇಲೆ ನಾಯಿ ಕೂತಿತ್ತು. ತುದಿ ಕಾಣ್ಲಿಲ್ಲ. ನಾಯಿಯ ಮುಖ ಈ ಕಡೆಗಿತ್ತು. ಈ ಸಲ ಗುರುತು ಭಾರಿ ಉಂಟಲ್ಲ ಅಂತ ಬಂದೆವು. ಬಂದು ನೋಡಿದರೆ ಒಳಗೆಲ್ಲ ಇಂಥದ್ದೇ ನಾಯಿಗಳು. ಎತ್ತಿಕೊಂಡು ಬರಬೇಕು ಅಂತ ನಿಮ್ಮದೇ ನಿಯಮ. ಇಲ್ಲಿ ಇಡಲಿಕ್ಕೇ ಕೊಟ್ಟದ್ದು ಅಂತ ತಿಳಿದು ಶೂ ಬಿಚ್ಚಿ ಹೋಗಿ ಇಟ್ಟುಬಂದೆ."

ಬೊಳ್ಳಮ್ಮಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದರು. ನನಗೆ ನಗು ಬರಲಿಲ್ಲ. ಕಲ್ಲಿನ ಗಡಿಯ ಈಚೆ ನಿಂತು ಇಣುಕಿದೆ. ಪಾಚಿ ಕಟ್ಟಿದ ಹಳೆಯ ನಾಯಿಗಳ ನಡುವೆ ನಮ್ಮದು ಕೆಂಪಗೆ ಕೂತಿತ್ತು, ಕಿವಿ ಒಂದು ಮೇಲೆ ಒಂದು ಕೆಳಗೆ. ಒಪ್ಪಿಸುವ ಗಳಿಗೆಯಲ್ಲಿ ಏನೇನು ಬೇಡಿಕೊಳ್ಳಬೇಕೆಂದು ವರ್ಷವಿಡೀ ಜೋಡಿಸಿಟ್ಟಿದ್ದೆ. ಆ ಗಳಿಗೆಯಲ್ಲಿ ನಾನು ಎಲ್ಲಿದ್ದೆ? ನೆತ್ತಿಯ ಮೇಲೆ ಮಂಜು ನೋಡುತ್ತಿದ್ದೆ. ಇಟ್ಟವರು ನಮ್ಮ ಮನೆಯ ಗಂಡಸಲ್ಲ, ನಾನು ಕೈಯಾರೆ ಕೊಟ್ಟು ಕಳಿಸಿದವರಲ್ಲ, ನಮ್ಮ ದೇವರನ್ನು ಪೂಜಿಸುವವರೂ ಅಲ್ಲ, ಆದಿತ್ಯವಾರ ಇಗರ್ಜಿಗೆ ಹೋಗಿ ಬಂದು ನಡಿಗೆಗೆ ಸೇರಿದವರು. ಆದರೆ ಆಸ್ಪತ್ರೆಯ ಕಿಟಕಿಯಲ್ಲಿ ನಮ್ಮವರ ಕ್ವಿನೈನ್ ಕಲಸಿ ಸೀಸೆಗೆ ತುಂಬಿ ಕೊಡುತ್ತಿದ್ದವರೂ ಇವರೇ. ಹಾಗಾದರೆ ಇದು ಸಂದಿತೋ ಇಲ್ಲವೋ? ಇನ್ನೊಂದು ನಾಯಿ ತರಬೇಕೋ? ತಂದರೆ ಮೊದಲನೆಯದಕ್ಕೆ ಅವಮಾನವಲ್ಲವೇ? ನನ್ನ ತಲೆಯೊಳಗೂ ಮಂಜು ಇಳಿಯಿತು.

ನನ್ನ ಮುಖ ಕಂಡು ಲಾರೆನ್ಸ್ ಹತ್ತಿರ ಬಂದರು. ಬರಿಗಾಲು, ಕೈಯಲ್ಲಿ ಟೋಪಿ. ಇಷ್ಟೊತ್ತು ಉತ್ಸಾಹದಿಂದಿದ್ದ ಮನುಷ್ಯನ ದನಿ ಇಳಿದಿತ್ತು.

"ಅಕ್ಕ, ಅದು ನಿಮ್ಮ ಯಜಮಾನರ ಹರಕೆಯಂತೆ. ಈಗ ಬೊಳ್ಳಮ್ಮನವರು ಹೇಳಿದರು. ನಾನು ಮುಟ್ಟಿ ಕೆಡಿಸಿದೆನಾ?"

ಅವರು ಕೇಳಿದ್ದು ನಾನು ನನ್ನಲ್ಲೇ ಕೇಳಿಕೊಳ್ಳುತ್ತಿದ್ದ ಮಾತನ್ನೇ. ಆದರೆ ಅವರ ಕಣ್ಣಲ್ಲಿದ್ದ ಅಳುಕು ನೋಡಿ ನನ್ನ ಬಾಯಿ ನನ್ನ ತಲೆಯನ್ನು ಕೇಳದೆ ಮಾತಾಡಿಬಿಟ್ಟಿತು.

"ಇಲ್ಲಣ್ಣ, ಕೆಡುವುದು ಎಂಥ? ಜ್ವರ ಬಂದಾಗ ಮದ್ದು ನಿಮ್ಮ ಕೈಯಿಂದಲೇ ಬಂತು. ನಾಯಿಯೂ ನಿಮ್ಮ ಕೈಯಿಂದಲೇ ಹೋಗಲಿ ಅಂತ ಸ್ವಾಮಿ ಕರೆಸಿಕೊಂಡ. ನನ್ನದು ಸಂದಿತು."

ಅವರ ಮುಖ ಅರಳಿತು. ಸುಬೇದಾರರೂ ಟೋಪಿ ತೆಗೆದರು, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡರು. ನಾನು ಕೈ ಮುಗಿದೆ. ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗದೆ, ಬಂದೆ ಸ್ವಾಮಿ ಎಂದಷ್ಟೇ ಹೇಳಿದೆ.

ಮನೆಗೆ ಬಂದ ಮೇಲೆ ಮತ್ತೆ ಗಲಿಬಿಲಿ. ನಾನು ಹಾಗೆ ಹೇಳಿದ್ದು ನಂಬಿ ಹೇಳಿದ್ದೋ, ಆ ಮನುಷ್ಯನ ಸಮಾಧಾನಕ್ಕೆ ಹೇಳಿದ್ದೋ? ದೇವರ ಎದುರಿಗೆ ನಿಂತು ಸುಳ್ಳು ಹೇಳಿದ ಹಾಗಾಯಿತೇ? ಅಥವಾ ಸಮಾಧಾನಕ್ಕೆಂದು ಆಡಿದ ಮಾತೇ ನಿಜದ ಮಾತಾಗಿತ್ತೇ? ಮನೆಯವರಿಗೆ ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಾ ನಗುತ್ತಾ ಒಂದು ದೊಡ್ಡ ಸೀನು ಸೀನಿದರು. ಅದರ ಹಿಂದೆಯೇ ಇನ್ನೊಂದು.

ಹೋದ ವಾರವಾಗಿದ್ದರೆ ನಾನು ಓಡಿ ಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ. "ಜಗಲಿಯ ಗಾಳಿಗೆ ಕೂರಬೇಡಿ, ಒಳಗೆ ಬನ್ನಿ" ಎಂದು ಕೂತಲ್ಲಿಂದಲೇ ಹೇಳಿದೆ. ಹೇಳಿದ ಮೇಲೆ, ಇಷ್ಟು ನಿಶ್ಚಿಂತೆಯಿಂದ ಹೇಳಿದವಳು ಯಾರು ಎಂದು ನಾನೇ ಒಮ್ಮೆ ತಿರುಗಿ ನೋಡಿಕೊಂಡೆ. ತಲೆಗೆ ಇನ್ನೂ ತಿಳಿಯದ್ದು ಎದೆಗೆ ಯಾವಾಗಲೋ ತಿಳಿದುಬಿಟ್ಟಿತ್ತು. ಯಾವ ಕವಲಿನಲ್ಲಿ ಎಂದು ಮಾತ್ರ ಕೇಳಬೇಡಿ.

ನಾಳೆಯ ಕಡುಬಿಗೆ ಅಕ್ಕಿ ತರಿ ಒಡೆದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೀಸುವ ಕಲ್ಲಿನ ಮುಂದೆ ಕೂತೆ.