ಎಸ್ತೇರಕ್ಕನ ಇವತ್ತಿನ ಅಧ್ಯಾಯ

ಎಸ್ತೇರಕ್ಕ ಬೈಬಲ್ ಓದಲು ಕೂತಾಗಲೂ ಕೊರಳಲ್ಲಿ ಅಳತೆ ಟೇಪು ಇರುತ್ತಿತ್ತು. ಸುಲ್ತಾನ್ ಬಜಾರಿನ ಒಂದು ಸಂದಿಯಲ್ಲಿ ಅವರು ಸೀರೆಗೆ ಫಾಲ್ ಹಚ್ಚುತ್ತಿದ್ದರು, ರವಿಕೆ ಹೊಲಿಯುತ್ತಿದ್ದರು. ಬೀದರ್ ಕಡೆಯವರು, ಗಂಡ ತೀರಿಕೊಂಡ ಮೇಲೆ ನಾರಾಯಣಗೂಡದ ನಮ್ಮ ಕಟ್ಟಡದ ಕೆಳಮನೆಗೆ ಬಾಡಿಗೆಗೆ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಅವರ ಮನೆಯಲ್ಲಿ ಒಂದು ಅಧ್ಯಾಯ. ಹೋಗುವವಳು ನಾನೊಬ್ಬಳೇ. ಎರಡು ನಿಮಿಷ ತಡವಾದರೆ, "ಗಡಿಯಾರಕ್ಕ ಚಾವಿ ಕೊಟ್ಟಿಲ್ಲೇನ್ ತಂಗಿ?" ಎಂದು ಮೆಟ್ಟಿಲ ಬುಡದಿಂದ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದರು.

ಅವರದು ಒಂದೇ ನಿಯಮ: ನಿನ್ನೆ ಎಲ್ಲಿ ನಿಂತಿತೋ ಇಂದು ಅಲ್ಲಿಂದ. ಆರಿಸುವಂತಿಲ್ಲ, ಹಾರಿಸುವಂತಿಲ್ಲ. ವಂಶಾವಳಿ ಬಂದರೆ ಆ ಹೆಸರುಗಳಲ್ಲಿ ನನ್ನ ನಾಲಿಗೆ ತೊಡರುತ್ತಿತ್ತು. "ಇದನ್ನ ಬಿಡೋಣ್ರಿ ಅಕ್ಕಾರ" ಎಂದರೆ, "ಕಂಕಳ ಹೊಲಿಗಿ ಯಾರಿಗಿ ಕಾಣ್ತೈತಿ? ಕಾಣಂಗಿಲ್ಲಂತ ಬಿಟ್ರ ರವಿಕಿ ತೊಡಾಕ ಬರ್ತೈತೇನು? ಓದು" ಎನ್ನುತ್ತಿದ್ದರು.

ನಾನೋ ಹುಟ್ಟಾ ಪುಕ್ಕಲಿ. ಗಂಡ ಕಾರ್ಖಾನೆಯಿಂದ ಬರುವುದು ಹತ್ತು ನಿಮಿಷ ತಡವಾದರೆ ಮನಸ್ಸಿನಲ್ಲೇ ಆಸ್ಪತ್ರೆ, ಪೊಲೀಸು ಎಲ್ಲ ಮುಗಿಸಿ ಬರುವವಳು. ನನಗೆ ಬೇಕಿದ್ದದ್ದು ಅಧ್ಯಾಯವಲ್ಲ, ಭರವಸೆ. ಹಾಗಾಗಿ ಎಸ್ತೇರಕ್ಕನಿಗೆ ಗೊತ್ತಾಗದಂತೆ ಒಂದು ಚಟ ಇಟ್ಟುಕೊಂಡಿದ್ದೆ: ಕಣ್ಣು ಮುಚ್ಚಿ ಬೈಬಲ್ ತೆರೆಯುವುದು, ಬೆರಳಿಡುವುದು, ಬೆರಳಡಿಯ ವಚನವೇ ದೇವರ ಉತ್ತರ ಎಂದುಕೊಳ್ಳುವುದು. ನಮ್ಮಲ್ಲಿ ಹೀಗೆ ಮಾಡುವವರು ಕಮ್ಮಿಯೇನಿಲ್ಲ. ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೆ.

ಒಮ್ಮೆ ನನ್ನ ಎದೆಯಲ್ಲಿ ಗಂಟು ಸಿಕ್ಕಿತು. ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಸೋಮವಾರ ರಿಪೋರ್ಟು ಎಂದರು. ಸೋಮವಾರ ಬೆಳಗಾಗುತ್ತಲೇ ಬೆರಳಿಟ್ಟೆ. ಕಾಯಿಲೆ ಬಿದ್ದ ಒಬ್ಬ ಅರಸನ ಬಳಿ ಪ್ರವಾದಿ ಬಂದು, ಮನೆಯ ವ್ಯವಸ್ಥೆ ಮಾಡಿಕೋ, ನೀನು ಉಳಿಯುವುದಿಲ್ಲ ಎಂದು ಹೇಳುವ ಜಾಗ. ಇನ್ನು ರಿಪೋರ್ಟು ಯಾಕೆ? ಗಂಡನಿಗೆ "ಇನ್ನೂ ಬಂದಿಲ್ಲಂತ" ಎಂದು ಸುಳ್ಳು ಹೇಳಿದೆ. ಸೋಮವಾರ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ. ಬೀರುವಿನಲ್ಲಿದ್ದ ಸೀರೆಗಳನ್ನು ಯಾರಿಗೆ ಯಾವುದು ಎಂದು ಬೇರೆ ಬೇರೆ ಮಾಡಿಟ್ಟೆ. ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಬುಧವಾರ ಎಸ್ತೇರಕ್ಕನೇ ಮೆಟ್ಟಿಲು ಹತ್ತಿ ಬಂದರು. "ಎರಡು ದಿನ ಆತು, ಓದಾಕ ಬಂದಿಲ್ಲ. ಏನಾಗೈತಿ?" ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಆ ಪುಟ ತೆಗೆಸಿ, "ಮುಂದ ಓದು" ಎಂದರು. ಓದಿದೆ. ಅರಸ ಗೋಡೆಯ ಕಡೆ ಮುಖ ಮಾಡಿ ಅಳುತ್ತಾನೆ. ದೇವರು ಅವನ ಆಯುಸ್ಸಿಗೆ ಹದಿನೈದು ವರ್ಷ ಕೂಡಿಸುತ್ತಾನೆ. ನಾಲ್ಕೇ ವಚನ ಕೆಳಗೆ! ಹೋದ ಜೀವ ಬಂದಂತಾಯಿತು.

"ಹಂಗಾದ್ರ ನನಗೂ ಹದಿನೈದು ವರ್ಷ ಸಿಗ್ತಾವೇನ್ರಿ ಅಕ್ಕಾರ?"

ಬೈಗುಳ ಬಿದ್ದದ್ದು ಆಗ. "ಛೀ, ಮತ್ತ ಅದೇ ಚಾಳಿ! ಸಾವೂ ಆ ಅರಸಗ ಹೇಳಿದ್ದು, ಹದಿನೈದು ವರ್ಷನೂ ಅವಗ ಹೇಳಿದ್ದು. ಅವನ ಅಳತಿ ಅಂಗಿ ನಿನಗ್ಯಾಕ? ನಿಂದೇನೈತಿ, ಆ ರಿಪೋರ್ಟಿನ್ಯಾಗ ಐತಿ. ಚಪ್ಪಲ್ ಹಾಕ್ಕೊ, ನಡಿ."

ಆಟೋದಲ್ಲಿ ಅವರು ನನ್ನ ಕೈ ಬಿಡಲಿಲ್ಲ. ಗಂಟು ಕೆಟ್ಟದ್ದೇ ಆಗಿತ್ತು. ಬೇಗ ಸಿಕ್ಕಿದೆ, ತಡಮಾಡದೆ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್ನು, ಆಮೇಲಿನ ಔಷಧಿ, ಉದುರಿದ ಕೂದಲು; ಅಷ್ಟೂ ತಿಂಗಳು ಎಸ್ತೇರಕ್ಕ ಆರಕ್ಕೆ ಸರಿಯಾಗಿ ಬಂದು, ಹಾಸಿಗೆಯ ಪಕ್ಕ ಕೂತು ಅಂದಿನ ಅಧ್ಯಾಯ ಓದಿ ಅಂಗಡಿಗೆ ಹೋಗುತ್ತಿದ್ದರು. ಬಹಳಷ್ಟು ಅಧ್ಯಾಯಗಳಿಗೂ ನನ್ನ ಕಾಯಿಲೆಗೂ ಸಂಬಂಧವೇ ಇರಲಿಲ್ಲ. ದೇವರ ಆರಾಧನೆಗೆ ಕಟ್ಟಿದ ಗುಡಾರದ ಪರದೆ ಇಷ್ಟು ಮೊಳ ಉದ್ದ, ಇಷ್ಟು ಮೊಳ ಅಗಲ ಎಂದು ಬಂದ ದಿನ ಅವರ ಮುಖ ನೋಡಬೇಕಿತ್ತು. "ನೋಡಿದೇನು, ದೇವರಿಗೂ ಅಳತಿ ಸರಿ ಇರಬೇಕು!" ಹೆದರಿಕೆ ಹೋಯಿತೇ ಎಂದರೆ, ಇಲ್ಲ. ತಪಾಸಣೆಯ ದಿನ ಇಂದಿಗೂ ಅರ್ಧ ದಾರಿಯಲ್ಲೇ ಆಟೋ ತಿರುಗಿಸಿಬಿಡೋಣ ಎನಿಸುತ್ತದೆ. ಆದರೆ ಹೋಗುತ್ತೇನೆ.

ಹೋದ ವರ್ಷ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. "ಅಂಜಿಕಿ ಬರಾಕತ್ತೈತಿ ತಂಗಿ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಓದು." ಅಂದಿನ ಪಾಲಿಗೆ ಬಂದದ್ದು ಯುದ್ಧದ ಅಧ್ಯಾಯ, ಊರು ಸುಟ್ಟದ್ದು, ಜನ ಸತ್ತದ್ದು. ನನಗೆ ಮನಸ್ಸಾಗಲಿಲ್ಲ. ಸದ್ದಾಗದಂತೆ ಪುಟ ಮಗುಚಿ, ದೇವರನ್ನು ಕುರುಬನೆಂದು ಹಾಡುವ ಕೀರ್ತನೆ ಶುರು ಮಾಡಿದೆ. ಎರಡು ಸಾಲಿಗೇ ಅವರು ಕಣ್ಣು ತೆರೆದರು.

"ಇದು ಇವತ್ತಿಂದಲ್ಲ."

ಕದ್ದು ಸಿಕ್ಕಿಬಿದ್ದವಳಂತೆ ಪುಟ ಹಿಂದಕ್ಕೆ ತಿರುವಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದರು.

"ಇರ್ಲಿ. ಇದನ್ನೇ ಓದು."

ಅಷ್ಟು ವರ್ಷಗಳಲ್ಲಿ ಎಸ್ತೇರಕ್ಕ ಒಂದು ಅಧ್ಯಾಯ ಬಿಟ್ಟದ್ದು ಅದೇ ಮೊದಲು. ಅವರು ಇನ್ನು ಮನೆಗೆ ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಓದಿದೆ.