ಒಂದು ಜಪಸರದಷ್ಟು ಹೊತ್ತು ಕುದಿಸಬೇಕು

ಬೆಳಗಿನ ಐದು ಗಂಟೆ. ಅಡುಗೆಮನೆಯ ಹಿಂದಿನ ಬಚ್ಚಲಲ್ಲಿ ಐವತ್ತಾರರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕುಳಿತು, ಕರವಸ್ತ್ರದಷ್ಟಗಲದ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ತಣ್ಣೀರಿಗೆ ಅದ್ದುತ್ತಿದ್ದಾರೆ. ಚರ್ಚಿನಲ್ಲಿ ಬಲಿಪೂಜೆಯ ಹೊತ್ತಿಗೆ ದ್ರಾಕ್ಷಾರಸದ ಪಾತ್ರೆಯನ್ನು ಫಾದರ್ ಒರೆಸುವ ಬಟ್ಟೆಗಳಿವು. ಸೋಪು ಇನ್ನೂ ಹತ್ತಿರ ಸುಳಿಯುವಂತಿಲ್ಲ. ಮೊದಲು ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿತ್ತಲಿಗೆ ಒಯ್ದು ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತಾರೆ. ಪವಿತ್ರ ರಸದ ಹನಿ ತಾಕಿದ ಈ ಬಟ್ಟೆಗಳ ಮೊದಲ ನೀರು ಮಣ್ಣಿಗೇ ಸೇರಬೇಕು, ಚರಂಡಿಗೆ ಹೋಗಬಾರದು ಎಂಬುದು ಕಥೋಲಿಕರ ಹಳೆಯ ನಿಯಮ.

"ಈ ಗಿಡಕ್ಕೆ ಬೇರೆ ನೀರು ಹಾಕಿದ ನೆನಪೇ ಇಲ್ಲ ನಂಗೆ. ಆದ್ರೂ ಹೂವಿಗೇನೂ ಕೊರತೆ ಇಲ್ಲ ನೋಡಿ," ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

ಬೀದಿಯವರು ಇವರನ್ನು ಕರೆಯುವುದು 'ಇಸ್ತ್ರಿಯಮ್ಮನ ಮಗಳು' ಎಂದು. ಸ್ವಂತ ಹೆಸರಿಲ್ಲವೇ ಎಂದರೆ ಇದೆ, ಕರೆಯುವವರಿಲ್ಲ ಅಷ್ಟೆ. ಹಗಲೆಲ್ಲ ಮನೆಯ ಮುಂದಿನ ಕೋಣೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಬೆಳಗಿನ ಈ ಎರಡು ಗಂಟೆ ಮಾತ್ರ ಅಮ್ಮನದು.

ಅಮ್ಮ, ಅಂದರೆ ಇಸ್ತ್ರಿಯಮ್ಮ, ಎಂಬತ್ತೊಂದು ತುಂಬಿ ಕಳೆದ ವರ್ಷ ತೀರಿಕೊಂಡರು. ಆರು ಮಕ್ಕಳನ್ನು ಸಾಕಿ, ಹದಿಮೂರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಕೈಯಲ್ಲೇ ನಲವತ್ತಮೂರು ವರ್ಷ ಚರ್ಚಿನ ಬಟ್ಟೆ ಒಗೆದವರು. ವಾರಕ್ಕೆ ಹದಿನಾರು ಒರೆಸುವ ಬಟ್ಟೆ, ಎಂಟು ಕೈವಸ್ತ್ರ, ಬಲಿಪೀಠದ ಮೇಲೆ ಹಾಸುವ ಹತ್ತು ಮೊಳದ ವಸ್ತ್ರ ಎರಡು. ಜ್ವರ ಬಂದರೂ ತಪ್ಪಿಸಿದವರಲ್ಲ. ಕೊನೆಯ ಮಗುವಿನ ಹೆರಿಗೆಗೆ ಹೋಗುವ ಮುಂಚೆ ಇಸ್ತ್ರಿ ಮುಗಿಸಿಯೇ ಹೊರಟರಂತೆ.

"ಭಕ್ತಿ ಏನೋ ಬೇಕಾದಷ್ಟಿತ್ತು ಬಿಡಿ. ಆದ್ರೆ ಪೂಜೇಲಿ ನಮ್ಮಮ್ಮನ ಕಣ್ಣು ಫಾದರ್ ಮೇಲೆ ಇರ್ತಿರ್ಲಿಲ್ಲ, ಬಟ್ಟೆ ಮಡಿಕೆ ಮೇಲೆ ಇರ್ತಿತ್ತು. ಪ್ರಬೋಧನೇಲಿ ಫಾದರ್ ಏನ್ ಹೇಳಿದ್ರಮ್ಮಾ ಅಂತ ಕೇಳಿದ್ರೆ, 'ಎಡಗಡೆ ಅಂಚು ಒಂಚೂರು ಸೊಟ್ಟ ಇತ್ತು ಕಣೇ' ಅನ್ನೋಳು!"

ಅಮ್ಮನ ಮಣ್ಣಾದ ಮರುವಾರವೇ ಮಗಳು ಚರ್ಚಿನ ಬಟ್ಟೆಯ ಬುಟ್ಟಿ ಹೊತ್ತು ತಂದರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಗಾದೆ ಮಾತ್ರ ಆ ಭಾನುವಾರ ಕೈಕೊಟ್ಟಿತು. ಗಂಜಿ ಹಾಕಬೇಕಾದದ್ದು ಬಲಿಪೀಠದ ವಸ್ತ್ರಕ್ಕೆ. ಇವರು ಉತ್ಸಾಹದಲ್ಲಿ ಪಾತ್ರೆ ಒರೆಸುವ ಬಟ್ಟೆಗಳಿಗೂ ಗಂಜಿ ಹಾಕಿ, ತಗಡಿನ ಹಾಗೆ ಗರಿಗರಿಯಾಗಿ ಇಸ್ತ್ರಿ ಮಾಡಿ ಕಳಿಸಿದ್ದರು. ತುಂಬಿದ ಚರ್ಚಿನಲ್ಲಿ ಫಾದರ್ ಒರೆಸುತ್ತಾರೆ, ಬಟ್ಟೆ ಹನಿಯನ್ನೂ ಹೀರಿಕೊಳ್ಳುತ್ತಿಲ್ಲ. ಪಾತ್ರೆ ತೊಳೆದ ನೀರೆಲ್ಲ ಅವರ ನಿಲುವಂಗಿಯ ತೋಳಿನೊಳಗೆ ಇಳಿಯಿತು.

"ಭೂಮಿ ಬಾಯಿ ಬಿಟ್ಟಿದ್ರೆ ಒಳಗೆ ಹೋಗ್ಬಿಡ್ತಿದ್ದೆ," ಎಂದು ಈಗ ನಗುತ್ತಾರೆ. ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಿದ್ದರು.

ಗಂಜಿಯ ತಪ್ಪು ಮರುವಾರಕ್ಕೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಬಣ್ಣ. ತಿಂಗಳು ಕಳೆದಂತೆ ಬಟ್ಟೆಗಳೆಲ್ಲ ಚಹಾ ಚೆಲ್ಲಿ ಒರೆಸಿದಂತೆ ಮಂಕಾದವು. ಚರ್ಚಿನ ಮಂಡಳಿಯ ಹಿರಿಯರು, "ಪಾಪ, ಇವರಿಗ್ಯಾಕೆ ಕಷ್ಟ? ಲಾಂಡ್ರಿಗೆ ಕೊಟ್ಟುಬಿಡೋಣ" ಎಂದರು. ಲಾಂಡ್ರಿಯಲ್ಲಿ ಮೊದಲ ನೀರೂ ಚರಂಡಿಗೆ, ಅಮ್ಮನ ನಲವತ್ತಮೂರು ವರ್ಷವೂ ಅದರ ಹಿಂದೆ, ಎಂದು ಮಗಳು ಬುಟ್ಟಿ ಬಿಟ್ಟುಕೊಡಲು ಒಪ್ಪಲಿಲ್ಲ. ಫಾದರ್ ನಡುವೆ ಬಂದು, ಇಸ್ತ್ರಿಯಮ್ಮನ ವರ್ಷದ ಪೂಜೆಯ ತನಕ ನೋಡೋಣ ಎಂದು ಗಡುವು ಕೊಟ್ಟರು.

ಬಟ್ಟೆಯನ್ನು ಎಷ್ಟು ಹೊತ್ತು ಕುದಿಸಬೇಕು ಎಂದು ಅಮ್ಮ ಎಲ್ಲೂ ಬರೆದಿಟ್ಟಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: ಒಂದು ಜಪಸರದಷ್ಟು. ಮಗಳೂ ಹಾಗೇ ಮಾಡುತ್ತಿದ್ದರು. ಒಲೆಯ ಮುಂದೆ ನಿಂತು ಐವತ್ತು ಮಣಿಗೆ ಐವತ್ತು ನಮೋ ಮರಿಯಾ, ಹದಿನೆಂಟು ನಿಮಿಷ, ಉರಿ ಬಂದ್. ಸೋಪು ಬದಲಿಸಿದರು, ಹಂಡೆ ಬದಲಿಸಿದರು. ಏನೂ ಫಲವಿಲ್ಲ.

ಗುಟ್ಟು ಬಿಟ್ಟುಕೊಟ್ಟವಳು ಇವರ ಮಗಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಒಂದು ಬೆಳಗ್ಗೆ ಡ್ಯೂಟಿ ಮುಗಿಸಿ ಬಂದವಳೇ ತನ್ನಮ್ಮನ ಜಪ ಕೇಳಿ ಬಿದ್ದು ಬಿದ್ದು ನಕ್ಕಳು. "ಏನಮ್ಮಾ ಇದು, ರೈಲು ಬಿಟ್ಟ ಹಾಗೆ? ಅಜ್ಜಿ ಜಪಸರಕ್ಕೆ ಮುಕ್ಕಾಲು ಗಂಟೆ ಬೇಕಿತ್ತು. ಒಂದೊಂದು ಮಣಿಗೂ ಒಬ್ಬೊಬ್ಬರನ್ನ ನೆನೆಸ್ಕೊಂಡು, ಅವರ ಸುದ್ದಿಯೆಲ್ಲ ದೇವಮಾತೆಗೆ ಹೇಳಿ ಮುಗಿಸೋವರೆಗೂ ಮುಂದಿನ ಮಣಿಗೆ ಹೋಗ್ತಿರ್ಲಿಲ್ಲ. ಚಿಕ್ಕೋಳಿದ್ದಾಗ ಪಕ್ಕದಲ್ಲೇ ಕೂತಿರ್ತಿದ್ನಲ್ಲ ನಾನು!"

ಆರು ಮಕ್ಕಳು, ಸೊಸೆ ಅಳಿಯಂದಿರು, ಹದಿಮೂರು ಮೊಮ್ಮಕ್ಕಳು. ಒಬ್ಬನ ಕೆಮ್ಮು, ಒಬ್ಬಳ ಪರೀಕ್ಷೆ, ಹಿರಿ ಸೊಸೆಯ ಮೊಣಕಾಲು. ಮಣಿ ಉಳಿದರೆ ಹಾಲಿನವನು, ಆಮೇಲೆ ಬೇಲಿಗಾಗಿ ಜಗಳವಾಡಿದ ಪಕ್ಕದ ಮನೆಯಾಕೆ. ಮನೆಗೊಂದು ಮೊಮ್ಮಗು ಹುಟ್ಟಿದಾಗಲೆಲ್ಲ ಚರ್ಚಿನ ಬಟ್ಟೆ ಇನ್ನೊಂದು ನಿಮಿಷ ಹೆಚ್ಚು ಕುದಿಯುತ್ತಿತ್ತು.

ಅಂದಿನಿಂದ ಇವರೂ ಅವಸರ ಬಿಟ್ಟಿದ್ದಾರೆ; ಬಟ್ಟೆಗಳ ಮಂಕೂ ವಾರವಾರಕ್ಕೆ ಬಿಡುತ್ತ ಬಂದಿದೆ. ಇವತ್ತೂ ಹಂಡೆಯ ಪಕ್ಕ ಮಣೆ ಹಾಕಿಕೊಂಡು, ಮಣಿ ಹಿಡಿದು, ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಿದ್ದಾರೆ. ಮೊದಮೊದಲು ಇಪ್ಪತ್ತನೇ ಮಣಿಗೇ ಜನ ಮುಗಿದುಹೋಗುತ್ತಿದ್ದರಂತೆ. "ನನಗೆ ಇಷ್ಟೇ ಜನಾನಾ ಬೇಕಾದೋರು ಅಂತ ನಾಚಿಕೆ ಆಯ್ತು. ಆಮೇಲೆ ಹುಡುಕಿ ಹುಡುಕಿ ಸೇರಿಸ್ಕೊಂಡೆ. ಲಾಂಡ್ರಿಗೆ ಕೊಡೋಣ ಅಂದ್ರಲ್ಲ ಆ ಹಿರಿಯರು, ಅವರಿಗೂ ಒಂದು ಮಣಿ ಇದೆ ಈಗ. ನಲವತ್ತೆಂಟನೇದು!"

ಕಳೆದ ಭಾನುವಾರ ಇಸ್ತ್ರಿಯಮ್ಮನ ವರ್ಷದ ಪೂಜೆ ನಡೆಯಿತು. ಮಕ್ಕಳು ಮೊಮ್ಮಕ್ಕಳೆಲ್ಲ ಎರಡು ಸಾಲು ತುಂಬಿ ಕೂತಿದ್ದರು. ಇವರು ಮಾತ್ರ ಬಲಿಪೀಠದ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದರು. ಬುಟ್ಟಿ ಇವರ ಮನೆಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬುದು ಅಂದೇ ತೀರ್ಮಾನವಾಗಬೇಕಿತ್ತು. ಪೂಜೆ ಮುಗಿದ ಮೇಲೆ ಮಂಡಳಿಯ ಹಿರಿಯರು ಎದುರಾದರು, ಮೊಮ್ಮಕ್ಕಳ ತಲೆ ಸವರಿದರು, ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಮನೆಗೆ ಹೋದರು. ಲಾಂಡ್ರಿಯ ಮಾತು ಅವರಿಗೆ ಮರೆತೇ ಹೋಗಿತ್ತು.

ಹಂಡೆಯಿಂದ ಬಟ್ಟೆ ಎತ್ತಿ ಹಿಂಡುತ್ತಿದ್ದವರ ಮುಖ, ಹೊಗಳಿದರಾ ಫಾದರ್ ಎಂಬ ಪ್ರಶ್ನೆಗೆ ಅರಳುತ್ತದೆ.

"ಹೊಗಳೋದು ಹಾಗಿರ್ಲಿ, ನೋಡ್ಲೇ ಇಲ್ಲ! ಪಾತ್ರೆ ಒರೆಸಿದ್ರು, ಬಟ್ಟೆ ಪಕ್ಕಕ್ಕಿಟ್ರು, ಮುಂದಿನ ಪ್ರಾರ್ಥನೆ ಶುರು ಮಾಡಿದ್ರು. ಅಮ್ಮ ಇದ್ದಾಗ ಹೇಗೋ, ಹಾಗೇ."